ಫೋಟೊ ಇರುವಾಗ ಹಳೆಯ ಭಾವಚಿತ್ರ ಯಾಕೆ ನೋಡಬೇಕು?

ಪ್ರಶ್ನೆ: ಈಗ ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಯಾರ ಮುಖವನ್ನಾದರೂ ಸೆರೆಹಿಡಿಯಬಹುದು. ಹಾಗಿದ್ದರೂ ಗುರುತು ಪರಿಚಯ ಇಲ್ಲದವರ ಹಳೆಯ ಭಾವಚಿತ್ರಗಳ ಮುಂದೆ ಜನ ಅಷ್ಟು ಹೊತ್ತು ಯಾಕೆ ನಿಲ್ಲುತ್ತಾರೆ?

ಉತ್ತರ: ಹೋಲಿಕೆ ಮಾತ್ರ ಬೇಕಿದ್ದರೆ ಫೋಟೊ ಸಾಕು. ಆದರೆ ಕ್ಯಾಮೆರಾಗೆ ಅಂಗಿಯ ಗುಂಡಿಯೂ ಒಂದೇ, ಕಣ್ಣಿನ ರೆಪ್ಪೆಯೂ ಒಂದೇ. ಚಿತ್ರಕಾರನಿಗೆ ಹಾಗಲ್ಲ. ಅವನು ಎಲ್ಲಿ ಜಾಸ್ತಿ ಹೊತ್ತು ನೋಡಿದ, ಯಾವುದನ್ನು ಸುಮ್ನೆ ಬಿಟ್ಟ ಅನ್ನೋದು ಬಣ್ಣದಲ್ಲೇ ಉಳಿದಿರುತ್ತದೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದೇ.

ಡಚ್ ಚಿತ್ರಕಾರ ರೆಂಬ್ರಾಂಟ್ (1606–1669) ಬದುಕಿನುದ್ದಕ್ಕೂ ತನ್ನದೇ ಮುಖ ಬರೆಯುತ್ತಾ ಬಂದ. 1628ರ ಸುಮಾರಿನ ಒಂದು ಚಿತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್‌ನಲ್ಲಿದೆ. ಆಗ ಅವನಿಗೆ 22ರ ಆಸುಪಾಸು. ಬೆಳಕು ಬಿದ್ದಿರುವುದು ಕೆನ್ನೆ, ಕಿವಿ, ಕುತ್ತಿಗೆಯ ಮೇಲೆ. ಕಣ್ಣುಗಳು ನೆರಳಿನಲ್ಲಿ ಮುಳುಗಿವೆ. ಭಾವಚಿತ್ರದಲ್ಲಿ ಕಣ್ಣನ್ನೇ ಮರೆಮಾಡಲು ಧೈರ್ಯ ಬೇಕು, ಅಲ್ವಾ? ಇನ್ನು ಆ ಗುಂಗುರು ಕೂದಲು! ಬಣ್ಣ ಹಸಿಯಿದ್ದಾಗಲೇ ಕುಂಚದ ಹಿಂತುದಿಯಿಂದ ಗೀರಿ ಸುರುಳಿಗಳನ್ನು ಮೂಡಿಸಿದ್ದಾನೆ. ಮ್ಯೂಸಿಯಮ್‌ನ ವೆಬ್‌ಸೈಟಿನಲ್ಲಿ ಈ ಚಿತ್ರವನ್ನು ಉಚಿತವಾಗಿ ನೋಡಬಹುದು. ಕಿವಿಯ ಹತ್ತಿರ ಜೂಮ್ ಮಾಡಿ, ಗೀರುಗಳು ಕಾಣುತ್ತವೆ.

ಎಣ್ಣೆಬಣ್ಣ ಇದಕ್ಕೆಲ್ಲ ಅವಕಾಶ ಕೊಡುತ್ತದೆ. ಅಗಸೆ ಎಣ್ಣೆಯಂಥದ್ದರಲ್ಲಿ ಕಲಸಿದ ಬಣ್ಣ ಒಣಗಲು ದಿನಗಳೇ ಹಿಡಿಯುತ್ತವೆ. ಅಷ್ಟರೊಳಗೆ ಒರೆಸಬಹುದು, ತಿದ್ದಬಹುದು. ಒಣಗಿದ ಮೇಲೆ ಇನ್ನೊಂದು ಪದರ ಹಚ್ಚಬಹುದು.

ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ 1669ರ ಚಿತ್ರಕ್ಕೆ ಬನ್ನಿ. ಅವನಿಗೆ 63 ವರ್ಷ. ಹೆಂಡತಿ ಸಾಸ್ಕಿಯಾ ತೀರಿಕೊಂಡು ಎಷ್ಟೋ ವರ್ಷವಾಗಿದೆ. 1656ರಲ್ಲಿ ದಿವಾಳಿಯಾಗಿದ್ದಾನೆ. ಹಿಂದಿನ ವರ್ಷವಷ್ಟೇ ಮಗ ಟೈಟಸ್‌ನನ್ನೂ ಕಳೆದುಕೊಂಡಿದ್ದಾನೆ. ಕಣ್ಣಿನ ಕೆಳಗೆ ಚರ್ಮ ಜೋತುಬಿದ್ದಿದೆ. ಅದನ್ನು ಮುಚ್ಚಿಡುವ ಗೋಜಿಗೇ ಅವನು ಹೋಗಿಲ್ಲ. ಹಣೆ, ಮೂಗಿನ ಮೇಲೆ ಬಣ್ಣ ದಪ್ಪಗೆ ಕೂತಿದೆ. ಬಟ್ಟೆ, ಕೈಗಳೆಲ್ಲ ಕಂದು ಮಬ್ಬಿನಲ್ಲಿ ಕರಗಿವೆ.

ಆ ಕೈಗಳಿಗೂ ಒಂದು ಕಥೆಯಿದೆ. ಎಕ್ಸ್‌ರೇ ತೆಗೆದಾಗ ಒಳಪದರದಲ್ಲಿ ಬೇರೆಯೇ ಚಿತ್ರ ಕಂಡಿತು. ಮೊದಲು ಅವನು ಕೈಯಲ್ಲಿ ಕುಂಚ ಹಿಡಿದಂತೆ ಬರೆದುಕೊಂಡಿದ್ದ. ಆಮೇಲೆ ಮನಸ್ಸು ಬದಲಾಯಿಸಿ, ಕುಂಚ ತೆಗೆದು, ಕೈಗಳನ್ನು ಹೆಣೆದು ಕೂರಿಸಿದ. ತಾನು ಚಿತ್ರಕಾರ ಅನ್ನೋ ಗುರುತನ್ನೇ ಅಳಿಸಿಬಿಟ್ಟ. ಯಾಕೆ ಅಂತ ಅವನು ಎಲ್ಲೂ ಹೇಳಿಲ್ಲ. ಕುಂಚ ಹೋದ ಮೇಲೆ ನಮ್ಮ ಕಣ್ಣಿಗೆ ನಿಲ್ಲಲು ಉಳಿದದ್ದು ಆ ಮುಖ ಒಂದೇ.