ತೆರ ಕೊಟ್ಟರೆ ಹೆಣ್ಣನ್ನು ಕೊಂಡಂತೆಯೇ?

"ಆಫ್ರಿಕಾದಲ್ಲಿ ದನ ಕೊಟ್ಟು ಹೆಣ್ಣನ್ನು ಕೊಳ್ಳುತ್ತಾರಂತೆ. ಗಂಡ ಬಿಟ್ಟರೆ, ಸತ್ತರೆ ಅವಳ ಗತಿಯೇನು?"

ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡಕ್ಕೆ ಒಂದೇ ಪದ್ಧತಿ ಇರಲಾರದು ಎಂಬುದನ್ನು ಮತ್ತೆ ವಿವರಿಸುವುದಿಲ್ಲ. ಆದರೆ 'ಕೊಳ್ಳುವ' ಮಾತನ್ನು ಮಾತ್ರ ಬಿಡಲಾರೆ.

ಕೊಂಡದ್ದನ್ನು ಮಾರಬಹುದು. ತೆರ, ಅಂದರೆ ಮದುವೆಗಾಗಿ ಗಂಡಿನ ಕಡೆಯವರು ಹೆಣ್ಣಿನ ಮನೆಯವರಿಗೆ ಕೊಡುವ ದನ ಅಥವಾ ಹಣ. ಅದನ್ನು ಕೊಟ್ಟ ಗಂಡನಿಗೆ ಹೆಂಡತಿಯನ್ನು ಮಾರುವ ಹಕ್ಕು ಎಲ್ಲಿದೆ? ದಕ್ಷಿಣ ಆಫ್ರಿಕಾದ ಜುಲು ಜನರಲ್ಲಿ ಈ ತೆರಕ್ಕೆ ಲೊಬೊಲಾ ಎನ್ನುತ್ತಾರೆ. ಅದನ್ನು ಹಲವು ವರ್ಷ ಕಂತಿನಲ್ಲಿ ತೀರಿಸುವುದೂ ಉಂಟು. ಖುಮಾಲೊ ಕುಲದಿಂದ ಬಂದ ಸೊಸೆಯನ್ನು ಗಂಡನ ಮನೆಯಲ್ಲಿಯೂ 'ಮಾಖುಮಾಲೊ' ಎಂದೇ ಕರೆಯುತ್ತಾರೆ. ತವರಿನ ಕುಲ ಅವಳನ್ನು ಬಿಡುವುದಿಲ್ಲ. ತೆರದಿಂದ ಮುಖ್ಯವಾಗಿ ತೀರ್ಮಾನವಾಗುವುದು ಎರಡು ಕುಲಗಳ ನಂಟು ಮತ್ತು ಹುಟ್ಟುವ ಮಕ್ಕಳು ತಂದೆಯ ಕುಲಕ್ಕೆ ಸೇರುತ್ತಾರೆ ಎಂಬುದು.

ಹಾಗೆಂದು ಎಲ್ಲವೂ ನ್ಯಾಯವಾಗಿದೆ ಎನ್ನುತ್ತಿಲ್ಲ. ಅನ್ಯಾಯ ಬೇರೆ ಕಡೆ ಇದೆ. ಉಗಾಂಡದ ಹಲವು ಸಮುದಾಯಗಳಲ್ಲಿ ಮದುವೆ ಮುರಿದರೆ ತವರಿನವರು ತೆರವನ್ನು ಹಿಂದಿರುಗಿಸಬೇಕಿತ್ತು. ಅಷ್ಟರಲ್ಲಿ ಆ ದನಗಳು ಅಣ್ಣನ ಮದುವೆಗೆ ಹೋಗಿದ್ದರೆ? ಹೊಡೆತ ತಾಳಲಾರದೆ ಬಂದ ಮಗಳನ್ನು ಹೆತ್ತವರೇ ಸಮಾಧಾನ ಹೇಳಿ ಮರಳಿ ಕಳುಹಿಸುತ್ತಾರೆ. ಮಿಫುಮಿ ಎಂಬ ಸಂಸ್ಥೆ ಇದರ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. 2010ರಲ್ಲಿ ಸಂವಿಧಾನ ನ್ಯಾಯಾಲಯದಲ್ಲಿ ಸೋತರೂ ಮೇಲ್ಮನವಿ ಸಲ್ಲಿಸಿತು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯ, ತೆರ ಹಿಂದಿರುಗಿಸಬೇಕೆಂಬ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದಿತು. ತೆರ ಕೊಡುವುದನ್ನು ಅದು ನಿಷೇಧಿಸಲಿಲ್ಲ. ಈ ವ್ಯತ್ಯಾಸವನ್ನು ದಯವಿಟ್ಟು ಗಮನಿಸಿ. ಹೆಣ್ಣಿನ ಕಾಲು ಕಟ್ಟಿದ್ದು ಕೊಟ್ಟ ದನವಲ್ಲ, ಹಿಂದಿರುಗಿಸಬೇಕಾದ ದನ.

ತಾಯಿಯ ಕಡೆಯಿಂದ ಕುಲ ಎಣಿಸುವಲ್ಲಿ ವಿಧವೆ ಸುಖವಾಗಿರಬೇಕಲ್ಲವೇ? ಯಾರೂ ಇದನ್ನು ಕೇಳಿಲ್ಲ, ಕೇಳಬೇಕಿತ್ತು. ಘಾನಾದ ಅಕಾನ್ ಜನರಲ್ಲಿ, ನಮ್ಮ ತುಳುನಾಡಿನ ಅಳಿಯಸಂತಾನದಂತೆಯೇ, ಗಂಡಸಿನ ಆಸ್ತಿ ಅವನ ತಾಯಿಯ ಕುಲಕ್ಕೆ, ಅಂದರೆ ಸೋದರರಿಗೆ, ಸೋದರಳಿಯಂದಿರಿಗೆ ಹೋಗುತ್ತಿತ್ತು. ಹೆಂಡತಿ ಬೇರೆ ಕುಲದವಳು, ಅವನ ಮಕ್ಕಳೂ ಅವಳ ಕುಲದವರೇ. ಹಾಗಾಗಿ ಅವರಿಗೆ ಪಾಲಿರಲಿಲ್ಲ. 1985ರ ಉತ್ತರಾಧಿಕಾರ ಕಾನೂನು ಇದನ್ನು ಬದಲಿಸಿತು. ಉಯಿಲು ಬರೆಯದೆ ಸತ್ತವನ ಮನೆ ಮತ್ತು ಮನೆಸಾಮಾನು ಹೆಂಡತಿ ಮಕ್ಕಳಿಗೆ. ಉಳಿದದ್ದರಲ್ಲಿ ಹೆಂಡತಿಗೆ 3/16, ಮಕ್ಕಳಿಗೆ 9/16. ಆದರೆ ಇದು ಅವನ ಸ್ವಂತ ಆಸ್ತಿಗೆ ಮಾತ್ರ ಅನ್ವಯಿಸುತ್ತದೆ. ಹೊಲ ಕುಲದ್ದಾದರೆ, ಅಲ್ಲಿ ಜೀವಮಾನವಿಡೀ ದುಡಿದ ವಿಧವೆಗೆ ಈ ಕಾನೂನಿನಿಂದ ಒಂದು ಅಂಗುಲವೂ ಸಿಗುವುದಿಲ್ಲ.