ಕಡಿಮೆ ಗಂಟೆ ದುಡಿದರೆ ಕೆಲಸ ಜಾಸ್ತಿ ಆಗುತ್ತಾ?

ಪ್ರಶ್ನೆ: ಮಾರತ್ತಹಳ್ಳಿ ಹತ್ತಿರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ವಾರಕ್ಕೆ ಐದು ದಿನ, ದಿನಕ್ಕೆ ಹನ್ನೊಂದು ಗಂಟೆ ಕೆಲಸ. ಗಂಟೆ ಕಡಿಮೆ ಮಾಡಿದರೆ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ ಅಂತಾರಲ್ಲ, ಅದು ನಿಜಾನಾ?

ಉತ್ತರ: ನಿಮ್ಮಷ್ಟು ಹೊತ್ತು ದುಡಿಯುವವರ ಮಟ್ಟಿಗೆ ನಿಜ. ಆದರೆ ಎಲ್ಲ ಕೆಲಸಕ್ಕೂ ಒಂದೇ ಲೆಕ್ಕ ಹಿಡಿಯುವುದಿಲ್ಲ.

ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಎಷ್ಟು ಗಂಟೆ ದುಡಿದರೆ ಎಷ್ಟು ಮಾಲು ಬಂತು ಎಂದು ಬರೆದಿಟ್ಟಿದ್ದರು. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ 2014ರಲ್ಲಿ ಆ ಹಳೆಯ ಲೆಕ್ಕ ತೆಗೆದು ನೋಡಿದರು. ವಾರಕ್ಕೆ ಸುಮಾರು 49 ಗಂಟೆವರೆಗೆ ಗಂಟೆ ಏರಿದಷ್ಟೂ ಮಾಲು ಏರಿತ್ತು. ಆಮೇಲೆ ಏರಿಕೆ ಕುಗ್ಗುತ್ತಾ ಬಂದಿತ್ತು. 70 ಗಂಟೆ ದುಡಿದಾಗ ಬಂದದ್ದಕ್ಕೂ 56 ಗಂಟೆಯಲ್ಲಿ ಬಂದದ್ದಕ್ಕೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಅಂದರೆ ಹದಿನಾಲ್ಕು ಗಂಟೆ ಸುಮ್ನೆ ಹೋಯಿತು.

ನಿಮ್ಮ ಕೆಲಸದಲ್ಲಿ ಆ ಗಂಟೆಗಳು ಸುಮ್ನೆ ಹೋಗುವುದೂ ಇಲ್ಲ, ಹಾಳು ಮಾಡಿ ಹೋಗುತ್ತವೆ. ರಾತ್ರಿ ಹತ್ತೂವರೆಗೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್ ಮುಗಿಯುತ್ತದೆ. ಇದೊಂದು ಬಗ್ ಫಿಕ್ಸ್ ಮಾಡಿ ಮಲಗೋಣ ಎಂದು ಕೂರುತ್ತೀರಿ. ಕೋಡಿನಲ್ಲಿ ಒಂದು ಕಂಡೀಶನ್ ಉಲ್ಟಾ ಬಿದ್ದಿರುತ್ತದೆ, ಬಳಲಿದ ಕಣ್ಣಿಗೆ ಕಾಣುವುದಿಲ್ಲ. ಮರುದಿನ ಟೆಸ್ಟಿಂಗ್‌ನವರು ವಾಪಸ್ ಕಳಿಸುತ್ತಾರೆ. ಮೂವರು ಕೂತು ಊಟದ ಹೊತ್ತಿನವರೆಗೆ ಹುಡುಕುತ್ತೀರಿ. ಟೈಮ್‌ಶೀಟಿನಲ್ಲಿ ತಪ್ಪು ಮಾಡಿದ ಗಂಟೆಯೂ ದುಡಿಮೆ, ತಿದ್ದಿದ ಗಂಟೆಯೂ ದುಡಿಮೆ. ಗಂಟೆ ಎಣಿಸುವ ಮ್ಯಾನೇಜರಿಗೆ ಇವೆರಡರ ವ್ಯತ್ಯಾಸ ಕಾಣುವುದೇ ಇಲ್ಲ. ಇದರ ಮೇಲೆ ನಮ್ಮ ಔಟರ್ ರಿಂಗ್ ರೋಡ್ ಬೇರೆ. ಸಿಲ್ಕ್ ಬೋರ್ಡ್ ದಾಟುವ ಹೊತ್ತು ಯಾವ ಟೈಮ್‌ಶೀಟಿಗೂ ಬರಲ್ಲ, ನಿದ್ದೆಯಲ್ಲಿ ಮಾತ್ರ ಕಡಿತವಾಗುತ್ತದೆ.

ಇನ್ನು ಆರೋಗ್ಯ. ದಿನಕ್ಕೆ ಹನ್ನೊಂದರಂತೆ ನಿಮ್ಮ ವಾರ 55 ಗಂಟೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಎಚ್ಚರಿಕೆ ಕೊಟ್ಟದ್ದು ಸರಿಯಾಗಿ ಈ ಅಂಕಿಯ ಬಗ್ಗೆಯೇ. 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಮತ್ತು ಅದಕ್ಕಿಂತ ಹೆಚ್ಚು ಗಂಟೆ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಜಾಸ್ತಿ. ಹೃದ್ರೋಗದಿಂದ ಸಾಯುವ ಅಪಾಯ 17% ಜಾಸ್ತಿ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. 2024ರಲ್ಲಿ ಐಟಿಯವರ ದಿನವನ್ನು 14 ಗಂಟೆವರೆಗೆ ಎಳೆಯುವ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿದದ್ದು ನ್ಯಾಯವೇ ಆಗಿತ್ತು.

ಹಾಗಾದರೆ ಗಂಟೆ ಕಡಿಮೆ ಮಾಡಿದವರು ಕೆಲಸ ಮುಗಿಸಿದ್ದು ಹೇಗೆ? ಮೈಕ್ರೋಸಾಫ್ಟ್ ಜಪಾನ್ 2019ರ ಆಗಸ್ಟ್‌ನಲ್ಲಿ ಶುಕ್ರವಾರಗಳಂದು ರಜೆ ಕೊಟ್ಟಿತು. ತಲಾ ಮಾರಾಟ ಹಿಂದಿನ ವರ್ಷದ ಆಗಸ್ಟ್‌ಗಿಂತ ಸುಮಾರು 40% ಏರಿತು. ಒಂದೇ ತಿಂಗಳ ಲೆಕ್ಕ, ಅದನ್ನೇ ಪೂರ್ತಿ ನಂಬಿ ಕೂರಬೇಡಿ. ನನಗೆ ಮುಖ್ಯ ಅನ್ನಿಸುವುದು ಅವರು ಜೊತೆಗೆ ಮಾಡಿದ್ದು: ಮೀಟಿಂಗ್ ಅರ್ಧ ಗಂಟೆಗೆ ಮುಗಿಸಬೇಕು, ಸಿಕ್ಕವರನ್ನೆಲ್ಲ ಕರೆಯಬಾರದು ಎಂದರು. 2022ರಲ್ಲಿ ಬ್ರಿಟನ್ನಿನ 61 ಕಂಪನಿಗಳು ಸಂಬಳ ಕಡಿತವಿಲ್ಲದೆ ಆರು ತಿಂಗಳು ಗಂಟೆ ಇಳಿಸಿ ನೋಡಿದವು, ಹೆಚ್ಚಿನವು ವಾರಕ್ಕೆ ನಾಲ್ಕೇ ದಿನ ಮಾಡಿದವು. ಅವಧಿ ಮುಗಿದ ಮೇಲೂ 56 ಕಂಪನಿಗಳು ಅದನ್ನೇ ಮುಂದುವರಿಸಿದವು. ಅವು ತಾವಾಗೇ ಮುಂದೆ ಬಂದ ಕಂಪನಿಗಳು ಅನ್ನುವುದನ್ನೂ ಮರೆಯಬಾರದು.

ನರ್ಸ್‌ಗಳ ಕೆಲಸ ಹೀಗಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಒಂದು ವೃದ್ಧಾಶ್ರಮ 2015–16ರಲ್ಲಿ ದಿನಕ್ಕೆ ಆರು ಗಂಟೆಯ ಪಾಳಿ ಮಾಡಿತು. ಸಿಬ್ಬಂದಿಯ ಆರೋಗ್ಯ ಸುಧಾರಿಸಿತು. ಆದರೆ ಖಾಲಿಯಾದ ಹೊತ್ತು ತುಂಬಲು ಹೆಚ್ಚು ಜನ ಬೇಕಾಯಿತು, ಖರ್ಚೂ ಬಂತು. ಹಾಸಿಗೆ ಪಕ್ಕ ಯಾರಾದರೂ ಇರಲೇಬೇಕಲ್ವಾ? ನಮ್ಮ ಆಸ್ಪತ್ರೆಗಳಲ್ಲೂ, ಪೀಣ್ಯದಲ್ಲಿ ಮೂರು ಪಾಳಿ ನಡೆಯುವ ಕಡೆಯಲ್ಲೂ ಜನ ಜಾಸ್ತಿ ಮಾಡದೆ ಗಂಟೆ ಇಳಿಸಲು ಆಗದು.

ನೀವು ನಿಮ್ಮ ಟೀಮ್ ಲೀಡ್ ಹತ್ತಿರ ನಾಲ್ಕು ದಿನದ ವಾರ ಕೇಳುವುದಕ್ಕಿಂತ ಮೊದಲು ರಾತ್ರಿ ಕಾಲ್‌ಗಳಿಂದ ಶುರು ಮಾಡಿ. ಒಂದು ತಿಂಗಳು ಸರದಿ ಪ್ರಕಾರ ಒಬ್ಬರೇ ಕೂರಲಿ, ಉಳಿದವರಿಗೆ ಬೆಳಗ್ಗೆ ನಾಲ್ಕು ಸಾಲು ಬರೆದು ಕಳಿಸಲಿ. ರಾತ್ರಿ ಎಂಟರ ಮೇಲೆ ಯಾರೂ ಕೋಡ್ ಸೇರಿಸಬೇಡಿ. ಆ ತಿಂಗಳು ವಾಪಸ್ ಬಂದ ಬಗ್‌ಗಳನ್ನು ಹಿಂದಿನ ತಿಂಗಳಿನ ಪಕ್ಕ ಇಟ್ಟು ತೋರಿಸಿ. ನಾಲ್ಕು ದಿನದ ಮಾತು ಆಮೇಲೆ ಎತ್ತಿ.