ದೀರ್ಘಾವಧಿ ಧೂಮಕೇತು: ವಾಪಸ್ ಬರುತ್ತಾ, ಇಲ್ವಾ? ಜೊತೆಗೆ ಒಂದಷ್ಟು ಹೊಳಪಿನ ಲೆಕ್ಕ

ಈ ಟಿಪ್ಪಣಿಗೆ ಉದಾಹರಣೆ ಸಿ/2023 ಎ3 (ಮುಂದೆ ಬರೀ ಎ3), ಅಂದರೆ ತ್ಸುಚಿನ್‌ಶಾನ್–ಅಟ್ಲಾಸ್. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಎಷ್ಟೋ ಜನ ಬೆಳಗಿನ ಜಾವ ಮಹಡಿ ಹತ್ತಿ ಪೂರ್ವಕ್ಕೆ ಮೊಬೈಲ್ ಹಿಡಿದದ್ದು ಇದಕ್ಕೇ. ಆಗ ಸುದ್ದಿಯಲ್ಲೆಲ್ಲ ‘80 ಸಾವಿರ ವರ್ಷಕ್ಕೊಮ್ಮೆ ಬರುವ ಧೂಮಕೇತು’ ಎಂಬ ಸಾಲು. ಕಕ್ಷೆಯ ಕೋಷ್ಟಕ ತೆರೆದರೆ ಉತ್ಕೇಂದ್ರತೆ (ಕಕ್ಷೆ ಎಷ್ಟು ಉದ್ದಕ್ಕೆ ಎಳೆದಂತಿದೆ ಎಂಬ ಅಳತೆ) 1.0001ರ ಆಸುಪಾಸು. 1 ದಾಟಿದರೆ ಅದು ವಾಪಸ್ ಬರಲೇಬಾರದು, ಅಲ್ವಾ? ಜಾಸ್ತಿ ತಲೆ ತಿಂದದ್ದು ಇದೇ ಪ್ರಶ್ನೆ. ಹಾಗಾಗಿ ಟಿಪ್ಪಣಿಯ ಬಹುಪಾಲು ಇದಕ್ಕೇ ಹೋಗಿದೆ.

ಆರು ಸಂಖ್ಯೆ

ಕಕ್ಷೆಯನ್ನು ಆರು ಸಂಖ್ಯೆ ಹಿಡಿದಿಡುತ್ತವೆ. ಮೂರು ಕೋನಗಳು ಕಕ್ಷೆ ಯಾವ ಕಡೆಗೆ ವಾಲಿದೆ ಎಂದು ಹೇಳುತ್ತವೆ. ಎ3ಯ ಓರೆ, ಅಂದರೆ ಭೂಮಿಯ ಕಕ್ಷೆಯ ಸಮತಲಕ್ಕೆ ಅದರ ವಾಲು, 139 ಡಿಗ್ರಿ. 90 ದಾಟಿದ್ದರಿಂದ ಅದು ಗ್ರಹಗಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ. ನಾಲ್ಕನೆಯದು ಸೂರ್ಯನಿಗೆ ಅತಿ ಹತ್ತಿರ ಬರುವ ದಿನ, ಇಲ್ಲಿ 2024ರ ಸೆಪ್ಟೆಂಬರ್ 27. ಐದನೆಯದು ಆ ದಿನದ ದೂರ, 0.39 ಖಗೋಳಮಾನ (ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರವೇ 1 ಖಗೋಳಮಾನ), ಇದನ್ನು ಕ್ಯೂ ಅನ್ನೋಣ. ಆರನೆಯದು ಉತ್ಕೇಂದ್ರತೆ, ಅಂದರೆ ಇ. 1ಕ್ಕಿಂತ ಕಡಿಮೆ ಇದ್ದರೆ ದೀರ್ಘವೃತ್ತ, ಸರಿಯಾಗಿ 1 ಆದರೆ ಪರವಲಯ, ಜಾಸ್ತಿಯಾದರೆ ಅತಿಪರವಲಯ. ಹೊಸ ಧೂಮಕೇತು ಸಿಕ್ಕಾಗ, ಕೆಲವೇ ದಿನಗಳ ಅಳತೆ ಇರುವಾಗ, ಇ ಅನ್ನು 1 ಅಂತಲೇ ಇಟ್ಟು ಲೆಕ್ಕ ಶುರು ಮಾಡುವುದು ರೂಢಿ.

ನಾಲ್ಕನೇ ದಶಮಾಂಶ

ಕಕ್ಷೆಯ ಅರ್ಧ ಉದ್ದ ಎ ಸಿಗುವುದು ಹೀಗೆ: ಎ = ಕ್ಯೂ ÷ (1 − ಇ). ಖಗೋಳಮಾನದಲ್ಲಿರುವ ಎ ಅನ್ನು ಒಂದೂವರೆ ಘಾತಕ್ಕೆ ಏರಿಸಿದರೆ ಅವಧಿ ವರ್ಷಗಳಲ್ಲಿ ಬರುತ್ತದೆ. ಕೆಪ್ಲರ್‌ನ ಮೂರನೇ ನಿಯಮ, ಅಷ್ಟೇ. ಈಗ ಕ್ಯೂವನ್ನು 0.39ರಲ್ಲೇ ಇಟ್ಟು ಇ ಒಂದನ್ನೇ ಚೂರು ಅಲುಗಿಸಿ ನೋಡಿ.

ಇ 0.9998 ಆದರೆ ಎ 1,950 ಖಗೋಳಮಾನ, ಅವಧಿ ಸುಮಾರು 86 ಸಾವಿರ ವರ್ಷ. ಇ 0.9999 ಆದರೆ ಎ 3,900, ಅವಧಿ ಸುಮಾರು 2 ಲಕ್ಷ 44 ಸಾವಿರ ವರ್ಷ. ಇ 1.0001 ಆದರೆ ಎ ಋಣಸಂಖ್ಯೆ, ಅವಧಿ ಎಂಬುದೇ ಇಲ್ಲ.

80 ಸಾವಿರಕ್ಕೂ ‘ಎಂದೂ ಬರಲ್ಲ’ ಎಂಬುದಕ್ಕೂ ನಡುವೆ ಇರುವುದು ನಾಲ್ಕನೇ ದಶಮಾಂಶದ ಮೂರು ಹೆಜ್ಜೆ. ವೇಗದಲ್ಲಿ ಇದು ಎಷ್ಟು ಅಂತಲೂ ನೋಡಬಹುದು. ಸೂರ್ಯನಿಂದ 0.39 ಖಗೋಳಮಾನದಲ್ಲಿ ಧೂಮಕೇತುವಿನ ಓಟ ಸೆಕೆಂಡಿಗೆ ಸುಮಾರು 67 ಕಿಲೋಮೀಟರ್. ಇ 0.0001ರಷ್ಟು ಬದಲಾಗಲು ಆ ವೇಗ ಬದಲಾಗಬೇಕಾದ್ದು ಸೆಕೆಂಡಿಗೆ ಬರೀ 1.7 ಮೀಟರ್. ಲಾಲ್‌ಬಾಗ್‌ನಲ್ಲಿ ಬೆಳಗ್ಗೆ ಬಿರುಸಾಗಿ ವಾಕಿಂಗ್ ಮಾಡುವವರ ವೇಗ ಅದು! ಅಷ್ಟಕ್ಕೇ ಅವಧಿ ಲಕ್ಷ ವರ್ಷಗಳಲ್ಲಿ ಹಿಗ್ಗುತ್ತದೆ.

ಇನ್ನೊಂದು ತೊಡಕು ಇದೆ. ಕೋಷ್ಟಕದ ಇ ಒಂದು ನಿರ್ದಿಷ್ಟ ದಿನದ್ದು. ಆ ದಿನದ ಜಾಗ ಮತ್ತು ವೇಗ ತೆಗೆದುಕೊಂಡು, ಗ್ರಹಗಳೇ ಇಲ್ಲ, ಸೂರ್ಯ ಮಾತ್ರ ಇದ್ದಾನೆ ಅಂದುಕೊಂಡರೆ ಬರುವ ದಾರಿ ಅದು. ವೇಗವನ್ನೂ ಸೂರ್ಯನನ್ನು ಕೇಂದ್ರವಾಗಿಟ್ಟೇ ಅಳೆದಿರುತ್ತಾರೆ. ಆದರೆ ಸೂರ್ಯನೂ ನಿಂತಲ್ಲಿ ನಿಂತಿಲ್ಲ. ಗುರುಗ್ರಹದ ಎಳೆತಕ್ಕೇ ಅವನು ಸೆಕೆಂಡಿಗೆ 12 ಮೀಟರ್‌ಗೂ ಜಾಸ್ತಿ ವೇಗದಲ್ಲಿ ಓಲಾಡುತ್ತಾನೆ. 1.7 ಮೀಟರ್‌ಗೆ ಲಕ್ಷ ವರ್ಷ ಏರುಪೇರಾಗುವ ಕಡೆ 12 ಮೀಟರ್ ಓಲಾಡುವ ಕೇಂದ್ರ! ಸೂರ್ಯನ ಹತ್ತಿರ ಇರುವಾಗ, ನಾಳೆ ಎಲ್ಲಿ ಕಾಣುತ್ತದೆ ಎಂದು ಹೇಳಲು ಈ ಕೋಷ್ಟಕ ಚೆನ್ನಾಗಿಯೇ ಸಾಕು. ದೂರ ಹೋದಮೇಲೆ ಧೂಮಕೇತುವನ್ನು ಎಳೆಯುವುದು ಸೂರ್ಯ, ಗುರು, ಶನಿ ಎಲ್ಲರ ಒಟ್ಟು ರಾಶಿ. ಆಗ ಕೇಂದ್ರ ಸೌರಮಂಡಲದ ದ್ರವ್ಯಕೇಂದ್ರ, ಅಂದರೆ ಆ ಒಟ್ಟು ರಾಶಿಯ ಸಮತೋಲದ ಬಿಂದು.

ಹಾಗಾಗಿ ಅವಧಿ ಬೇಕಾದವರು ಧೂಮಕೇತುವನ್ನು ಗ್ರಹಗಳ ಎಳೆತದ ಸಮೇತ ಹಿಂದಕ್ಕೆ ಓಡಿಸುತ್ತಾರೆ. ನೆಪ್ಚೂನ್‌ನಾಚೆ ಬಹುದೂರ ಹೋದ ಮೇಲೆ ದ್ರವ್ಯಕೇಂದ್ರದಿಂದ ಅಳೆಯುತ್ತಾರೆ. ಅದು ‘ಮೂಲ ಕಕ್ಷೆ’. ಹಾಗೇ ಮುಂದಕ್ಕೆ ಓಡಿಸಿದರೆ ‘ಮುಂದಿನ ಕಕ್ಷೆ’. ಇವೆರಡು ಒಂದೇ ಆಗಬೇಕಿಲ್ಲ. ಬಂದದ್ದು ದೀರ್ಘವೃತ್ತದಲ್ಲಿ, ಹೋದದ್ದು ಅತಿಪರವಲಯದಲ್ಲಿ ಆಗಬಹುದು. ಇದರ ಮೇಲೆ ಧೂಮಕೇತು ಚಿಮ್ಮಿಸುವ ಅನಿಲ ಅದನ್ನೇ ಒಂಚೂರು ತಳ್ಳುತ್ತದೆ. ಆದ್ದರಿಂದ ‘ಇಷ್ಟು ಸಾವಿರ ವರ್ಷ’ ಎಂದು ಓದಿದ ಕೂಡಲೇ ಕೇಳಬೇಕಾದ್ದು: ಬರುವ ಕಕ್ಷೆಯದ್ದಾ, ಹೋಗುವ ಕಕ್ಷೆಯದ್ದಾ? ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ವೈನು ಬಾಪ್ಪು 1949ರಲ್ಲಿ ಇಬ್ಬರ ಜೊತೆ ಸೇರಿ ಕಂಡುಹಿಡಿದ ಬಾಪ್ಪು–ಬಾಕ್–ನ್ಯೂಕರ್ಕ್ ಧೂಮಕೇತುವಿಗೂ ‘60 ಸಾವಿರ ವರ್ಷ’ ಅಂತ ಬರೆದಿರುತ್ತಾರೆ. ಅಲ್ಲೂ ಇದೇ ಪ್ರಶ್ನೆ.

ನನಗೆ ಇಷ್ಟವಾದ ಅಡ್ಡದಾರಿ: ಎ ಬಿಟ್ಟುಬಿಡಿ, 1/ಎ ಹಿಡಿಯಿರಿ. ಅದು (1 − ಇ) ÷ ಕ್ಯೂ. ಹತ್ತು ಲಕ್ಷದಿಂದ ಗುಣಿಸಿ ಬರೆದರೆ ಮೇಲಿನ ಮೂರು ಕಕ್ಷೆಗೆ 513, 256, −256. ಎ ಅನಂತಕ್ಕೆ ಹಾರಿ ಋಣಕ್ಕೆ ಬೀಳುವ ಕಡೆ 1/ಎ ಸುಮ್ನೆ ಸೊನ್ನೆ ದಾಟುತ್ತದೆ. ಕಕ್ಷೆಯ ಶಕ್ತಿಯನ್ನೇ ಅದು ಹೇಳುವುದರಿಂದ ಹೀಗೆ. 1950ರಲ್ಲಿ ಖಗೋಳವಿಜ್ಞಾನಿ ಯಾನ್ ಊರ್ಟ್ 19 ಧೂಮಕೇತುಗಳ ಮೂಲ 1/ಎ ನೋಡಿಯೇ, ಸೌರಮಂಡಲವನ್ನು ಬಹುದೂರದಲ್ಲಿ ಸುತ್ತುವರಿದ ಧೂಮಕೇತುಗಳ ಮೋಡದ (ಊರ್ಟ್ ಮೋಡ) ಮಾತು ಎತ್ತಿದ್ದು. ಮೂಲ 1/ಎ 100ಕ್ಕಿಂತ ಕಡಿಮೆ ಇದ್ದರೆ ಎ 10 ಸಾವಿರ ಖಗೋಳಮಾನ ದಾಟಿತು. ಅಂಥದ್ದು ಊರ್ಟ್ ಮೋಡದಿಂದ ಬಹುಶಃ ಮೊದಲ ಸಲ ಒಳಗೆ ಬರುತ್ತಿದೆ.

ಹೊಳಪು

ಹೊಳಪನ್ನು ಅಳೆಯುವುದು ಕಾಂತಿಮಾನದಲ್ಲಿ; ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಜಾಸ್ತಿ. ಸೂತ್ರ ಒಂದೇ ಸಾಲು. ಕಾಂತಿಮಾನ = ಎಚ್ + 5 ಲಾಗ್ (ಭೂಮಿಯಿಂದ ದೂರ) + 2.5 ಎನ್ ಲಾಗ್ (ಸೂರ್ಯನಿಂದ ದೂರ). ಎರಡೂ ದೂರ 1 ಆದರೆ ಉಳಿಯುವುದು ಎಚ್. ಸೂರ್ಯನ ಹತ್ತಿರ ಬಂದಂತೆ ಹೊಳಪು ಎಷ್ಟು ಬೇಗ ಏರುತ್ತದೆ ಎಂದು ಹೇಳುವುದು ಎನ್. ಕ್ಷುದ್ರಗ್ರಹದಂಥ ಬರೀ ಬಂಡೆಗೆ ಎನ್ 2. ಧೂಮಕೇತು ಬಿಸಿಯಾದಷ್ಟೂ ಧೂಳು, ಅನಿಲ ಉಗುಳುವುದರಿಂದ ಸಾಮಾನ್ಯವಾಗಿ 4 ಇಟ್ಟುಕೊಳ್ಳುತ್ತಾರೆ.

ಆಸೆ ಹುಟ್ಟಿಸುವುದೂ ನಿರಾಸೆ ಮಾಡುವುದೂ ಈ ಎನ್. 3 ಖಗೋಳಮಾನದಲ್ಲಿ ನೋಡಿದ ಹೊಳಪಿನಿಂದ 0.4ರ ಹೊಳಪು ಊಹಿಸಬೇಕು ಅನ್ನಿ. ಎನ್ 4 ಆದರೆ 8.8 ಕಾಂತಿಮಾನದಷ್ಟು ಏರುತ್ತದೆ, 3 ಆದರೆ 6.6ರಷ್ಟೇ. ಬೆಳಕಿನಲ್ಲಿ ಏಳೂವರೆ ಪಟ್ಟು ವ್ಯತ್ಯಾಸ. ಮೊದಲ ಸಲ ಬರುವ ಧೂಮಕೇತುಗಳು ದೂರದಲ್ಲೇ, ಕಾರ್ಬನ್ ಮಾನಾಕ್ಸೈಡ್‌ನಂಥ ಬೇಗ ಆವಿಯಾಗುವ ಹಿಮದಿಂದ, ಚೆನ್ನಾಗಿ ಹೊಳೆದು ಆಮೇಲೆ ನಿಧಾನವಾಗುತ್ತವೆ. ಅದಕ್ಕೇ 1/ಎ ನೋಡದೆ ಹೊಳಪಿನ ಭವಿಷ್ಯ ಹೇಳಬಾರದು ಅನ್ನಿಸುತ್ತದೆ. 1973ರ ಕೊಹೊಟೆಕ್ ಹೀಗೇ ನಿರೀಕ್ಷೆಯಷ್ಟು ಬೆಳಗಲಿಲ್ಲ.

ಈ ಸೂತ್ರದಲ್ಲಿ ಇಲ್ಲದ್ದೂ ಒಂದಿದೆ. ಅಕ್ಟೋಬರ್ 9ರ ಸುಮಾರಿಗೆ ಎ3 ಹೆಚ್ಚುಕಡಿಮೆ ಸೂರ್ಯ ಮತ್ತು ಭೂಮಿಯ ನಡುವೆ ಬಂತು. ಸಣ್ಣ ಧೂಳಿನ ಕಣ ಬೆಳಕನ್ನು ಮುಂದಕ್ಕೆ ಜಾಸ್ತಿ ಚದುರಿಸುತ್ತದೆ. ಹಾಗಾಗಿ ಹೊಳಪು ಸೂತ್ರ ಹೇಳಿದ್ದಕ್ಕಿಂತ ಬಹಳ ಏರಿತು, ಶುಕ್ರನ ಮಟ್ಟಕ್ಕೆ. ಆದರೆ ಸೂರ್ಯನ ಪಕ್ಕದಲ್ಲೇ ಇದ್ದದ್ದರಿಂದ ಅದನ್ನು ಚೆನ್ನಾಗಿ ಕಂಡದ್ದು ಸೂರ್ಯನನ್ನೇ ನೋಡುವ ಸೋಹೋ ನೌಕೆಯ ಕ್ಯಾಮೆರಾ. ಆ ಕೆಲವು ದಿನಗಳ ಅಳತೆ ಸೇರಿಸಿ ಎನ್ ಲೆಕ್ಕ ಹಾಕಿದರೆ ಉತ್ತರ ಕೆಡುತ್ತದೆ.

ಕಣ್ಣಳತೆಗೆ ಧೂಮಕೇತುವಿನ ಮಸುಕನ್ನು ನೆನಪಿಟ್ಟುಕೊಂಡು, ಬೈನಾಕ್ಯುಲರ್‌ನ ಫೋಕಸ್ ಕೆಡಿಸಿ ನಕ್ಷತ್ರವನ್ನು ಅಷ್ಟೇ ಅಗಲ ಮಾಡಿ ಹೋಲಿಸಬೇಕು. ಹೋಲಿಸುವ ನಕ್ಷತ್ರ ಅದೇ ಎತ್ತರದಲ್ಲಿರಲಿ. 10 ಡಿಗ್ರಿ ಎತ್ತರದಲ್ಲಿ ಬೆಳಕು ದಾಟುವ ಗಾಳಿ ನೆತ್ತಿಯ ಮೇಲಿನದರ ಐದೂವರೆ ಪಟ್ಟು, ಬೆಂಗಳೂರಿನ ಧೂಳು ಬೇರೆ. ಅಕ್ಟೋಬರ್ ನಡುವಿನ ಸಂಜೆಗಳಲ್ಲಿ, ಮೋಡ ಸರಿದಾಗ, ಪಶ್ಚಿಮದಲ್ಲಿ ತಗ್ಗಿನಲ್ಲೇ ಇದ್ದ ಸ್ವಾತಿ ಇದಕ್ಕೆ ಅನುಕೂಲವಾಗಿತ್ತು. ಅದರ ಕಾಂತಿಮಾನ ಹೆಚ್ಚುಕಡಿಮೆ 0. ಬರೆದಿಡುವಾಗ ಉಪಕರಣ, ವಿಧಾನ, ಹೋಲಿಸಿದ ನಕ್ಷತ್ರ ಎಲ್ಲ ಇರಲಿ. ಸಮಯ ಮಾತ್ರ ನಮ್ಮದಲ್ಲ, ವಿಶ್ವಸಮಯ (ಯುಟಿ), ಅಂದರೆ ಐದೂವರೆ ಗಂಟೆ ಕಳೆದು ದಿನದ ಭಾಗವಾಗಿ: ಅಕ್ಟೋಬರ್ 14ರ ಸಂಜೆ 6.40 ಅಂದರೆ ಅಕ್ಟೋಬರ್ 14.55.